ಅವ್ವನ ಉಸಿರು ಒಪ್ಪಿಸುವ ಮುನ್ನ

ಲೊಸಿ, ಲಿಫೂ ದ್ವೀಪ
೧೦ ಅಕ್ಟೋಬರ್ ೨೦೨೧

ತಮ್ಮ ಸೆಲೆಫೆನ್‌ಗೆ,

ಇಷ್ಟು ದಿನ ನಿನ್ನ ಹೆಂಡತಿ ಡೆನಿಸ್ ಫೋನು ಹಿಡಿದು ನಡುವೆ ನಿಂತು ನಮ್ಮಿಬ್ಬರ ಮಾತು ಸಾಗಿಸಿದಳು. "ಅತ್ತಿಗೆ, ಅವ್ರು ಹೀಗಂತಾರೆ" ಎಂದು ನನಗೆ, "ನೋಡ್ರಿ, ನಿಮ್ಮಕ್ಕ ಹಾಗಂತಾರೆ" ಎಂದು ನಿನಗೆ. ಪಾಪ, ಅವಳ ಗಂಟಲು ಒಣಗಿತು. ನಾನು ಬೈದದ್ದರಲ್ಲಿ ಅರ್ಧವನ್ನು ಅವಳೇ ನುಂಗಿಬಿಡುತ್ತಾಳೆ ಎಂಬ ಅನುಮಾನವೂ ನನಗಿದೆ. ಬೆಳೆದ ಅಕ್ಕ ತಮ್ಮ ನೇರವಾಗಿ ಮಾತಾಡಬಾರದು, ಎದುರಾದರೆ ಅಕ್ಕ ದಾರಿ ಬಿಟ್ಟು ನಿಲ್ಲಬೇಕು ಎಂದು ಹಿರಿಯರು ಕಟ್ಟಳೆ ಮಾಡಿದರು. ಕಾಗದದ ಬಗ್ಗೆ ಅವರು ಏನೂ ಹೇಳಲಿಲ್ಲ. ನೀನು ಹಾಸ್ಟೆಲಿಗೆ ಹೋದಂದಿನಿಂದ ನಾವು ಬರೆದುಕೊಂಡೇ ಬಂದವರು. ಈಗಲೂ ಬರೆಯುತ್ತೇನೆ. ಈ ಸಲ ಒಂದು ಬೈಗುಳವೂ ದಾರಿಯಲ್ಲಿ ಕಳೆದುಹೋಗಬಾರದು.

ಅವ್ವನನ್ನು ಮಣ್ಣು ಮಾಡಿದ್ದು ಹೇಗೆಂದು ನೀನು ಕೇಳಲಿಲ್ಲ. ನಿನಗೂ ಅವ್ವನಿಗೆ ಬಂದ ಅದೇ ಕೊರೊನಾ ಜ್ವರ ಬಂದು ಮನೆಯೊಳಗೆ ಕೂಡಿಹಾಕಿದ್ದರು, ಗೊತ್ತು. ಆದರೂ ಕೇಳಬಹುದಿತ್ತು. ನೀನಿರುವ ನೂಮಿಯಾದಿಂದ ಮೊಳೆ ಹೊಡೆದ ಪೆಟ್ಟಿಗೆ ವಿಮಾನದಲ್ಲಿ ಬಂತು. ತೆರೆಯಬೇಡಿ ಎಂದರು. ಗುಂಪು ಸೇರಬೇಡಿ ಎಂದರು. ಪಾದ್ರಿಗಳು ಮೂಗು ಬಾಯಿ ಮುಚ್ಚಿಕೊಂಡು, ಯಾರೋ ಅಟ್ಟಿಸಿಕೊಂಡು ಬಂದವರ ಹಾಗೆ ಪ್ರಾರ್ಥನೆ ಮುಗಿಸಿದರು. ಒಳಗಿರುವುದು ಅವ್ವನೇ ಎಂದು ನಾನು ಹೇಗೆ ನಂಬಲಿ? ಪೆಟ್ಟಿಗೆಯನ್ನು ತಟ್ಟಿ "ಅವ್ವಾ" ಎಂದು ಕರೆದೆ. ಊರಿನ ಮುದುಕಿಯರು ನನಗೆ ತಲೆಕೆಟ್ಟಿದೆ ಎಂದು ಕೈ ಹಿಡಿದು ಎಳೆದುಕೊಂಡು ಹೋದರು.

ಮಾರೆ ದ್ವೀಪದಿಂದ ನಮ್ಮ ಸೋದರಮಾವಂದಿರು ಬರಲಾಗಲಿಲ್ಲ. ಜನರಿಗೆ ಹಡಗಿಲ್ಲ, ವಿಮಾನವಿಲ್ಲ. ಆ ತವರಿನಿಂದ ಬಂದ ಉಸಿರನ್ನು ಗೆಣಸು, ಬಟ್ಟೆಯೊಡನೆ ಆ ಮನೆಗೇ ಒಪ್ಪಿಸದೆ ಅವ್ವ ಮಣ್ಣಿನಡಿ ಮಲಗಿದ್ದಾಳೆ, ಇತ್ತ ನಮ್ಮವಳೂ ಅಲ್ಲ, ಅತ್ತ ಅವರವಳೂ ಅಲ್ಲ. ಒಪ್ಪಿಸುವ ತನಕ ಇದು ಶೋಕದ ಮನೆ. ನಾನು ತಲೆಗೆ ಎಣ್ಣೆ ಹಚ್ಚಿಲ್ಲ, ಕ್ರಿಕೆಟ್ ಬ್ಯಾಟು ಮುಟ್ಟಿಲ್ಲ. ನಮ್ಮ ಊರಿನ ಹೆಂಗಸರ ತಂಡಕ್ಕೆ ಈಗ ನಾಯಕಿಯೇ ಇಲ್ಲ. ನೀನು ಗಡ್ಡ ತೆಗೆಯುವಂತಿಲ್ಲ, ನೆನಪಿರಲಿ.

ಎನೋಕ್ ಮಾವ ಹೇಳಿ ಕಳಿಸಿದ್ದಾರೆ: ದಾರಿ ತೆರೆದೊಡನೆ ನಾವು ಬರುತ್ತೇವೆ, ಮಗನ ಕೈಯಿಂದಲೇ ಗೆಣಸು, ಬಟ್ಟೆ ತೆಗೆದುಕೊಳ್ಳುತ್ತೇವೆ. ಆದರೆ ಶೋಕದ ನಡುವೆ ಮತಪೆಟ್ಟಿಗೆ ಮುಟ್ಟಿದ ಕೈಯಿಂದ ತೆಗೆದುಕೊಳ್ಳುವುದಿಲ್ಲ. ಅವ್ವನಿಗೆ ಗಂಡು ಮಗ ನೀನೊಬ್ಬನೇ. ನಿನ್ನ ಕೈ ಆಗಲಿಲ್ಲ ಎಂದರೆ ಬೇರೆ ಕೈ ಇಲ್ಲ.

ಫ್ರಾನ್ಸಿನಿಂದ ನಮಗೆ ಬಿಡುಗಡೆ ಬೇಕೇ ಎಂಬ ಈ ಮೂರನೆಯ ಮತದಾನ ಡಿಸೆಂಬರ್ ಹನ್ನೆರಡಕ್ಕೇ ಎಂದು ಪ್ಯಾರಿಸಿನವರು ಹಟ ಹಿಡಿದಿದ್ದಾರೆ. ಮನೆಮನೆಯಲ್ಲೂ ಹೆಣ ಬಿದ್ದಿದೆ, ಒಂದು ವರ್ಷ ಮುಂದಕ್ಕೆ ಹಾಕಿ ಎಂದು ನಮ್ಮವರು ಕೇಳಿದರು. ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೇ? ಅದಕ್ಕೇ ಆವತ್ತು ಇಲ್ಲಿ ಯಾರೂ ಮನೆ ಬಿಟ್ಟು ಹೊರಡುವುದಿಲ್ಲ. ನೀನೂ ಹೊರಡಬೇಡ.

ನಿನ್ನ ಅಕ್ಕ,
ಲಿಯೊಂಟೀನ್


ನೂಮಿಯಾ
೨೪ ಅಕ್ಟೋಬರ್ ೨೦೨೧

ಅಕ್ಕಾ,

ಕಾಗದ ತಲುಪಿತು. ಡೆನಿಸ್‌ಗೆ ಓದಿ ಹೇಳಿದೆ. "ನಾನು ನುಂಗಿದ್ದು ಅರ್ಧ ಅಲ್ಲ, ಮುಕ್ಕಾಲು" ಎಂದಳು.

ಅವ್ವನ ವಿಷಯ ನಾನು ಕೇಳಲಿಲ್ಲ ಎಂದೆ. ಆಸ್ಪತ್ರೆಗೆ ಕರೆದುಕೊಂಡು ಹೋಗಲು ಬಂದವರು ಅವಳನ್ನು ಮೆಟ್ಟಿಲಿಳಿಸುವಾಗ ನಾನು ಬಾಗಿಲ ಹಿಂದೆ ನಿಂತಿದ್ದೆ. ಹತ್ತಿರ ಬರಬೇಡ ಎಂದಿದ್ದರು. ಅವ್ವ ತಿರುಗಿ, ಸಂಜೆ ಮೀನು ಬಿಸಿ ಮಾಡಿಟ್ಟಿರು ಎಂದಳು. ಅಷ್ಟೇ. ಇದಕ್ಕಿಂತ ಹೆಚ್ಚಿಗೆ ಕೇಳಬೇಡ, ನನ್ನಿಂದ ಬರೆಯಲಾಗುವುದಿಲ್ಲ.

ಗಡ್ಡ ಬಿಟ್ಟಿದ್ದೇನೆ. ನಿಕ್ಕಲ್ ಕುಲುಮೆಯ ಮುಂದೆ ನಿಲ್ಲುವವನಿಗೆ ಗಡ್ಡ ಎಂದರೆ ಏನೆಂದು ನಿನಗೆ ಗೊತ್ತಿಲ್ಲ. ಬೆವರು ಇಳಿದು ತುರಿಸುತ್ತದೆ, ಮಾಸ್ಕು ಕೂರುವುದಿಲ್ಲ. "ಏನಪ್ಪಾ, ಸನ್ಯಾಸಿ ಆಗ್ತೀಯಾ?" ಎಂದು ಮೇಸ್ತ್ರಿ ದಿನವೂ ಕೆಣಕುತ್ತಾನೆ. ಆದರೂ ಬಿಟ್ಟಿದ್ದೇನೆ.

ಮತದ ವಿಷಯಕ್ಕೆ ಬರುತ್ತೇನೆ. ಮನೆಯಲ್ಲಿ ಕೂತರೆ ಯಾರು ಹೆದರುತ್ತಾರೆ ಅಕ್ಕಾ? ಹೋದ ವರ್ಷ ನೂರರಲ್ಲಿ ಎಂಬತ್ತೈದು ಜನ ಹೋಗಿ ಮತ ಹಾಕಿದರು. ಹೌದು ಎಂದವರು ನಲವತ್ತೇಳರ ಹತ್ತಿರ ಬಂದರು. ಆಗ ಪ್ಯಾರಿಸಿನವರು ಬೆವತರು. ಈಗ ನೀವೆಲ್ಲ ಚಾಪೆ ಹಾಸಿಕೊಂಡು ಕೂತರೆ ಅವರಿಗೆ ಹಬ್ಬ. ಎಂಬತ್ತೇಳನೇ ಇಸವಿಯ ಮತದಾನದಲ್ಲೂ ಹೀಗೇ ಕೂತಿದ್ದೆವಲ್ಲ? ಆವತ್ತು ಅಪ್ಪ ಮತಗಟ್ಟೆಗೆ ಬೆನ್ನು ಹಾಕಿ ಬಲೆ ಹೆಣೆಯುತ್ತಾ ಕೂತಿದ್ದ. ಸಂಜೆ ರೇಡಿಯೋದವರು ನೂರಕ್ಕೆ ತೊಂಬತ್ತೆಂಟು ಜನ ಫ್ರಾನ್ಸ್ ಬೇಕೆಂದಿದ್ದಾರೆ ಎಂದು ಕುಣಿದರು. ಮರುವರ್ಷ ಪಕ್ಕದ ದ್ವೀಪದಲ್ಲಿ ಬಂಡೆದ್ದವರ ಮೇಲೆ ಸೈನ್ಯ ನುಗ್ಗಿ ಎಷ್ಟು ಹೆಣ ಬಿದ್ದವು ಎಂದು ನಾನು ಹೇಳಬೇಕಿಲ್ಲ. ಮನೆಯಲ್ಲಿ ಕೂತು ಗೆದ್ದವರನ್ನು ನಾನು ಇನ್ನೂ ನೋಡಿಲ್ಲ.

ಇನ್ನೊಂದು ಮಾತು. ಶೋಕದ ಮನೆ, ಏನೂ ಮುಟ್ಟಬಾರದು ಎನ್ನುತ್ತೀಯ. ಬೆಳಗಾದರೆ ತೋಟಕ್ಕೆ ಹೋಗಿ ಒಂದೊಂದೇ ವೆನಿಲ್ಲಾ ಹೂವಿಗೆ ಕಡ್ಡಿ ಹಿಡಿದು ಪರಾಗ ಮುಟ್ಟಿಸುತ್ತಿದ್ದೀಯ ಎಂದು ಡೆನಿಸ್ ಹೇಳಿದಳು. ಹೂವಿಗೆ ಶೋಕವಿಲ್ಲ, ಮತಕ್ಕೆ ಮಾತ್ರ ಶೋಕವೇ?

ನಿನ್ನ ತಮ್ಮ,
ಸೆಲೆಫೆನ್


ಲೊಸಿ
೨ ನವೆಂಬರ್ ೨೦೨೧

ಸೆಲೆಫೆನ್,

ವೆನಿಲ್ಲಾ ಹೂವು ಬೆಳಿಗ್ಗೆ ಅರಳಿ ಮಧ್ಯಾಹ್ನಕ್ಕೆ ಬಾಡುತ್ತದೆ. ಅದನ್ನು ಮುಂದಿನ ವರ್ಷಕ್ಕೆ ಹಾಕಿ ಎಂದು ಕೇಳಲಾಗುವುದಿಲ್ಲ. ಮತದಾನವನ್ನು ಹಾಕಬಹುದು. ಇಷ್ಟೂ ತಿಳಿಯದವನು ಕುಲುಮೆ ಹೇಗೆ ಕಾಯುತ್ತೀಯೋ ದೇವರೇ ಬಲ್ಲ.

ನಿನ್ನ ಆತುರ ನನಗೆ ಅರ್ಥವಾಗುತ್ತದೆ. ಎರಡು ಸಲ ಹೌದು ಹಾಕಿ ಸೋತೆವು, ಮೂರನೆಯದು ಕೊನೆಯದು, ಇದನ್ನು ಬಿಟ್ಟರೆ ಕೆಟ್ಟೆವು ಎಂದು ನಿನ್ನ ಹೊಟ್ಟೆ ಉರಿಯುತ್ತಿದೆ. ನನ್ನದೂ ಉರಿಯುತ್ತಿದೆ. ಹೋದ ಸಲ ಈ ಊರಿನ ಮುದುಕರನ್ನೆಲ್ಲ ವ್ಯಾನಿಗೆ ಹತ್ತಿಸಿ ಮತಗಟ್ಟೆಗೆ ತಂದವಳು ನಾನು. ಕಣ್ಣು ಕಾಣದವರಿಗೆ ಕೈ ಕೊಟ್ಟೆ, ನಡೆಯಲಾರದವರನ್ನು ಹೊತ್ತು ತಂದೆ, ಮಧ್ಯಾಹ್ನ ಎಲ್ಲರಿಗೂ ಬಾಳೆಲೆಯಲ್ಲಿ ಸುತ್ತಿ ಬೇಯಿಸಿದ ಕೋಳಿ ಗೆಣಸು ಬಡಿಸಿದೆ. ಆ ಮುದುಕರಲ್ಲಿ ಕೆಲವರು ಈಗ ಅವ್ವನ ಪಕ್ಕದಲ್ಲೇ ಮಲಗಿದ್ದಾರೆ. ಅವರ ಮಕ್ಕಳ ಬಾಗಿಲಿಗೆ ಹೋಗಿ "ಏಳ್ರಪ್ಪಾ, ವ್ಯಾನ್ ಬಂತು" ಎಂದು ಕೂಗಲೇ? ನನ್ನ ನಾಲಿಗೆ ಸೇದಿಹೋಗಲಿ.

ತಮ್ಮಾ, ನೀನೊಬ್ಬನೇ ಹೋಗಿ ಹೌದು ಹಾಕಿದರೆ ಏನಾಗುತ್ತದೆ ಯೋಚಿಸು. ನಾವೆಲ್ಲ ಹೊರಗಿರುವಾಗ ನಿನ್ನ ಒಂದು ಹೌದು ಸಮುದ್ರಕ್ಕೆ ಸುರಿದ ಬಿಂದಿಗೆ ನೀರು. ಅದಕ್ಕಿಂತ ಕೆಟ್ಟದ್ದು, ದ್ವೀಪದವರೂ ಬಂದಿದ್ದರು ನೋಡಿ ಎಂದು ಟಿವಿಯಲ್ಲಿ ನಿನ್ನನ್ನೇ ತೋರಿಸುತ್ತಾರೆ. ಈ ಸಲ ನಮ್ಮ ಮತ ಇರುವುದು ಹೋಗದೆ ಇರುವುದರಲ್ಲಿ. ನೂರಕ್ಕೆ ನಲವತ್ತು ಜನ ಮಾತ್ರ ಬಂದರು ಎಂದರೆ ಆ ಫಲಿತಾಂಶಕ್ಕೆ ಜಗತ್ತಿನಲ್ಲಿ ಯಾರು ಬೆಲೆ ಕೊಡುತ್ತಾರೆ? ಮದುಮಗಳೇ ಇಲ್ಲದ ಮದುವೆಯಲ್ಲಿ ಊಟ ಎಷ್ಟು ಚೆನ್ನಾಗಿದ್ದರೇನು?

ಎಂಬತ್ತೇಳರ ಬಗ್ಗೆ ಅಪ್ಪನನ್ನು ಹಂಗಿಸಬೇಡ. ಆಗ ನಿನಗೆ ಮೂಗು ಒರೆಸಿಕೊಳ್ಳಲು ಬರುತ್ತಿರಲಿಲ್ಲ.

ಎನೋಕ್ ಮಾವ ಮತ್ತೆ ಫೋನು ಮಾಡಿದ್ದರು. "ನಿನ್ನ ತಮ್ಮ ಗಟ್ಟಿ ಇದಾನಾ?" ಎಂದರು. ಇದ್ದಾನೆ ಎಂದಿದ್ದೇನೆ.

ಲಿಯೊಂಟೀನ್


ನೂಮಿಯಾ
೧೬ ನವೆಂಬರ್ ೨೦೨೧

ಅಕ್ಕಾ,

ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಬರೆದದ್ದು ನನ್ನ ತಪ್ಪು. ತಾರೀಖು ಬದಲಾಗುವುದಿಲ್ಲ ಎಂದು ಸರ್ಕಾರ ಹೇಳಿಯಾಯಿತು. ಇನ್ನು ನಾನೂ ಬಿಡಿಸಿಯೇ ಹೇಳುತ್ತೇನೆ. ನಾನು ಹೌದು ಹಾಕುತ್ತೇನೆ ಎಂದು ನಿನಗೆ ಯಾವಾಗ ಬರೆದಿದ್ದೆ?

ಮೊದಲ ಸಲ ಹೌದು ಹಾಕಿದೆ. ಹೋದ ಸಲ ಇಲ್ಲ ಎಂದು ಹಾಕಿದೆ. ಈ ಸಲವೂ ಇಲ್ಲ ಎಂದೇ ಹಾಕುತ್ತೇನೆ.

ಈಗ ಕೂಗಾಡು. ಕೂಗಾಡಿ ಮುಗಿಸಿದ ಮೇಲೆ ಮುಂದೆ ಓದು.

ಹೋದ ಬೇಸಿಗೆಯಲ್ಲಿ ಗಲಾಟೆಯಾಗಿ ರಸ್ತೆ ಬಂದ್ ಆದಾಗ ಕಾರ್ಖಾನೆ ನಿಂತಿತ್ತು. ಆಗ ನಾವು ಏನು ತಿಂದೆವು ಎಂದು ನೀನು ಕೇಳಿದೆಯಾ? ಡೆನಿಸ್ ಪರರ ಮನೆಯ ನೆಲ ಒರೆಸಲು ಹೋದಳು. ಇದೆಲ್ಲ ಫ್ರಾನ್ಸ್ ಇನ್ನೂ ಇಲ್ಲಿರುವಾಗಲೇ. ಅದು ಪೆಟ್ಟಿಗೆ ಕಟ್ಟಿಕೊಂಡು ಹೊರಟ ಮರುದಿನ ಏನು ಎಂದು ಸಭೆಗಳಲ್ಲಿ ಕೇಳಿದೆ. "ನಿಕ್ಕಲ್ ಇದೆಯಲ್ಲ" ಎಂದರು. ನಿಕ್ಕಲ್ ಎಷ್ಟಿದೆ ಎಂದು ನನ್ನ ಕೈಯ ಬೊಬ್ಬೆಗೆ ಗೊತ್ತು. ಅದರ ಬೆಲೆ ಏರುವುದೂ ಇಳಿಯುವುದೂ ನಮ್ಮ ಕೈಯಲ್ಲಿಲ್ಲ, ಹಾಂಗ್‌ಕಾಂಗಿನಲ್ಲೋ ಲಂಡನ್ನಿನಲ್ಲೋ ಯಾರೋ ಸೀನಿದರೆ ಇಲ್ಲಿ ಒಂದು ಪಾಳಿಯ ಜನ ಮನೆಗೆ ಹೋಗುತ್ತಾರೆ. ಮಾಸ್ತರರ ಸಂಬಳ, ನಿಮ್ಮ ಊರಿನ ನರ್ಸಮ್ಮನ ಸಂಬಳ, ನೀನು ಈ ಕಾಗದ ಕಳಿಸುವ ಅಂಚೆಯ ವಿಮಾನ ಯಾವ ದುಡ್ಡಿನಲ್ಲಿ ನಡೆಯುತ್ತದೆ? ಇದನ್ನು ಕೇಳಿದರೆ ದ್ರೋಹಿ ಎನ್ನುತ್ತಾರೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು!

ಪ್ರವಾಸಿಗರ ಹಡಗು ನಿಂತ ಮೇಲೆ ನಿನ್ನ ವೆನಿಲ್ಲಾ ಯಾರು ಕೊಂಡರು ಹೇಳು. ಡಬ್ಬಿಗಟ್ಟಲೆ ಅಟ್ಟದ ಮೇಲೆ ಕೂತಿದೆ ಎಂದು ಡೆನಿಸ್ ಹೇಳಿದಳು. ಇಡೀ ನಾಡು ಹಾಗೆ ಅಟ್ಟದ ಮೇಲೆ ಕೂತರೆ ಹೇಗಿರುತ್ತದೆ ಎಂದು ಯೋಚಿಸು.

ನಾನು ನಮ್ಮವರ ವೈರಿಯಲ್ಲ. ನನ್ನ ಮಕ್ಕಳು ಇಲ್ಲೇ ಬದುಕಬೇಕು, ನಾನೂ ಇಲ್ಲೇ ಸಾಯಬೇಕು. ನಾಳೆ ಬೆಳಿಗ್ಗೆ ಒಲೆ ಹೇಗೆ ಹೊತ್ತುತ್ತದೆ ಎಂದು ಹೇಳುವವರು ಬರಲಿ, ನಾನೇ ಮೊದಲು ಹೌದು ಹಾಕುತ್ತೇನೆ. ಅಲ್ಲಿಯ ತನಕ ಇಲ್ಲ. ಮನೆಯಲ್ಲಿ ಕೂತು ಶೋಕದ ಹೆಸರಿನಲ್ಲಿ ಬಚ್ಚಿಟ್ಟುಕೊಳ್ಳುವುದಿಲ್ಲ, ಹೋಗಿಯೇ ಹಾಕುತ್ತೇನೆ.

ಸೆಲೆಫೆನ್


ಲೊಸಿ
೨೧ ನವೆಂಬರ್ ೨೦೨೧

ಸೆಲೆಫೆನ್,

ಕೂಗಾಡಿದೆ. ಪಕ್ಕದ ಮನೆಯವರು ಯಾರು ಸತ್ತರು ಎಂದು ಓಡಿಬಂದರು. ತಮ್ಮ ಎಂಬ ಮಾತು ಬಾಯಿಗೆ ಬಂತು, ಆದರೆ ನಮ್ಮಲ್ಲಿ ನಾಲ್ಕು ಜನರ ಮುಂದೆ ತಮ್ಮನ ವಿಷಯ ಅಕ್ಕನ ಬಾಯಲ್ಲಿ ಬರಬಾರದಲ್ಲ. ಹಂದಿ ಬೇಲಿ ಮುರಿಯಿತು ಎಂದೆ.

ಯಾರ ದುಡ್ಡು ಎಂದು ಕೇಳುತ್ತೀಯ. ನೂರೈವತ್ತು ವರ್ಷ ನಮ್ಮ ಬೆಟ್ಟದ ತಲೆ ಬೋಳಿಸಿ ಹಡಗಿಗೆ ತುಂಬಿದರಲ್ಲ, ಅದು ಯಾರ ದುಡ್ಡು? ನಮ್ಮದೇ ಮಣ್ಣು ಮಾರಿ, ಅದರಲ್ಲಿ ಒಂದು ಹಿಡಿ ನಮ್ಮ ಕೈಗೆ ಹಾಕಿ, ನೋಡು ನಾನು ಸಾಕುತ್ತಿದ್ದೇನೆ ಎಂದರೆ ನೀನು ಕೈ ಮುಗಿಯುತ್ತೀಯ. ನಿನ್ನ ಕೈಯ ಬೊಬ್ಬೆ ಯಾರಿಗಾಗಿ ಎದ್ದದ್ದು ಎಂದು ಆ ಬೊಬ್ಬೆಯನ್ನೇ ಕೇಳು. ನರ್ಸಮ್ಮನ ಮಾತಾಡಬೇಡ. ಜ್ವರ ಬಂದಾಗ ಆಕೆಯೊಬ್ಬಳು ಇಡೀ ಜಿಲ್ಲೆಗೆ ಓಡಾಡಿದಳು, ಇನ್ನೊಬ್ಬಳನ್ನು ಕಳಿಸಿ ಎಂದರೆ ಯಾವ ದುಡ್ಡೂ ಬರಲಿಲ್ಲ. ವೆನಿಲ್ಲಾ ಅಟ್ಟದ ಮೇಲಿದೆ, ನಿಜ. ಹಸಿವಿನಿಂದ ನಾನೇನೂ ಸತ್ತಿಲ್ಲ. ಗೆಣಸಿದೆ, ಮೀನಿದೆ. ಅಂಗಡಿಯ ಬ್ರೆಡ್ಡಿಲ್ಲದೆ ಸಾಯುವವರು ನೂಮಿಯಾದಲ್ಲಿರಬಹುದು.

ಇಲ್ಲ ಎನ್ನುವುದು ನಿನ್ನ ಇಷ್ಟ. ಅದು ಬೇರೆ ಜಗಳ, ಅದಕ್ಕೆ ಇನ್ನೊಂದು ಜನ್ಮವಿದೆ. ಆದರೆ ಆವತ್ತು ಹೋಗಬೇಡ. ಇಲ್ಲ ಎನ್ನುವವನೂ ತನ್ನ ಅವ್ವನಿಗಾಗಿ ಒಂದು ವರ್ಷ ಸುಮ್ಮನಿರಬಹುದು. ಎನೋಕ್ ಮಾವನ ಮಾತು ಮರೆತೆಯಾ? ನೀನು ಆ ಪೆಟ್ಟಿಗೆ ಮುಟ್ಟಿ ಬಂದರೆ ಅವರು ನಿನ್ನ ಗೆಣಸಿಗೆ ಬೆನ್ನು ತೋರಿಸಿ ಎದ್ದು ಹೋಗುತ್ತಾರೆ. ಅವ್ವ ಎಂದೆಂದಿಗೂ ನಡುದಾರಿಯಲ್ಲೇ ಉಳಿಯುತ್ತಾಳೆ. ನಾನು ದಿನವೂ ಆ ಮಣ್ಣಿನ ಮುಂದೆ ಹಾದು ಹೋಗುವವಳು. ನೀನಲ್ಲ.

ಹೋದ ವರ್ಷ ಊರುಗೋಲು ಹಿಡಿದು ನಿನ್ನ ಜೊತೆಗೇ ಮತಗಟ್ಟೆಗೆ ಬಂದು ಹೌದು ಹಾಕಿದಳಲ್ಲ ಆ ಮುದುಕಿ, ಪಕ್ಕದಲ್ಲೇ ನಿಂತು ಇಲ್ಲ ಹಾಕಲು ನಿನಗೆ ನಾಚಿಕೆಯಾಗಲಿಲ್ಲವೇ? ಅವಳು ಬದುಕಿದ್ದರೆ ನಿನ್ನ ಮುಖಕ್ಕೆ ಉಗಿಯುತ್ತಿದ್ದಳು.

ಲಿಯೊಂಟೀನ್


ನೂಮಿಯಾ
೨೮ ನವೆಂಬರ್ ೨೦೨೧

ಅಕ್ಕಾ,

ಇದನ್ನು ಬರೆಯಬಾರದೆಂದು ಡೆನಿಸ್ ಎರಡು ಸಲ ಪೆನ್ನು ಕಿತ್ತುಕೊಂಡಳು. ನೀನು ಅವ್ವನ ಉಗುಳನ್ನು ನನ್ನ ಮುಖಕ್ಕೆ ತರದೇ ಇದ್ದಿದ್ದರೆ ಬರೆಯುತ್ತಿರಲಿಲ್ಲ.

ಅವ್ವನೂ ಹಾಕಿದ್ದು ಇಲ್ಲ ಎಂದೇ.

ಹೋದ ವರ್ಷ ಮತಗಟ್ಟೆಯಿಂದ ಬರುವಾಗ ಕಾರಿನಲ್ಲಿ ನಾನು ಬಾಯಿ ಬಿಡದೆ ಕೂತಿದ್ದೆ. ಇಲ್ಲ ಹಾಕಿದೆನೆಂಬ ಅಳುಕು ನನಗಿತ್ತು. ಅವಳೇ ಶುರು ಮಾಡಿದಳು. "ಮಗಾ, ನಾನು ಇಲ್ಲ ಅಂತ ಹಾಕ್ದೆ ಕಣೋ. ಬೈತೀಯಾ?" ಎಂದಳು. ಯಾಕವ್ವಾ ಎಂದೆ. "ವಾರಕ್ಕೆ ಮೂರು ದಿನ ಆ ಮಿಷಿನ್ ನನ್ನ ರಕ್ತ ತೊಳೀತದೆ. ಆ ಮಿಷಿನ್ನಿನ ನೀರು, ಔಷಧಿ, ಕರ್ಕೊಂಡ್ ಹೋಗೋ ಆಂಬುಲೆನ್ಸು, ಎಲ್ಲಾ ಅವ್ರದ್ದೇ. ಅವ್ರು ಹೋದ್ಮೇಲೆ ನಮ್ಮೋರು ಅದ್ನ ಒಂದು ತಿಂಗ್ಳು ನಡೆಸ್ತಾರೋ ಎರಡು ತಿಂಗ್ಳು ನಡೆಸ್ತಾರೋ. ನಂಗೆ ಇನ್ನೂ ಬದುಕೋ ಆಸೆ ಕಣೋ. ಇನ್ನೊಂದೆರಡು ಸಲ ಹೊಸ ಗೆಣಸು ತಿನ್ಬೇಕು" ಎಂದಳು. ಆಮೇಲೆ ನನ್ನ ಕೈ ಹಿಡಿದುಕೊಂಡಳು. "ಲಿಯೊಂಟೀನ್‌ಗೆ ಮಾತ್ರ ಹೇಳ್ಬೇಡ. ಕೂಗಾಡ್ತಾಳೆ. ನಂಗೆ ಅವ್ಳನ್ನ ಕಂಡ್ರೆ ಭಯ" ಎಂದಳು.

ಆರ್ಥಿಕ ಅಪಾಯ, ಆರ್ಥಿಕ ಅಪಾಯ ಎಂದು ಟಿವಿಯವರು ಬಾಯಿ ಬಡಿದುಕೊಳ್ಳುತ್ತಾರಲ್ಲ, ನಮ್ಮ ಮನೆಯಲ್ಲಿ ಅದು ಒಳಕೋಣೆಯ ಮಂಚದ ಮೇಲೆ ಮಲಗಿತ್ತು. ನೀನು ಶೋಕ ಮಾಡುತ್ತಿರುವುದು ಬೇರೆ ಯಾವುದೋ ಅವ್ವನಿಗೆ. ನಾನು ಹನ್ನೆರಡನೇ ತಾರೀಖು ಹೋಗುತ್ತೇನೆ.

ಸೆಲೆಫೆನ್


ಲೊಸಿ
೩ ಡಿಸೆಂಬರ್ ೨೦೨೧

ಸುಳ್ಳು.

ಸತ್ತವಳ ಬಾಯಲ್ಲಿ ಮಾತು ತುರುಕುವಷ್ಟು ಕೆಳಗಿಳಿದೆಯಾ? ಇನ್ನು ನನಗೆ ಬರೆಯಬೇಡ. ಡೆನಿಸ್ ಫೋನು ಮಾಡಿದರೂ ಎತ್ತುವುದಿಲ್ಲ.


ನೂಮಿಯಾ
೧೩ ಡಿಸೆಂಬರ್ ೨೦೨೧

ಅಕ್ಕಾ,

ಬರೆಯಬೇಡ ಎಂದೆ. ಬರೆಯುತ್ತಿದ್ದೇನೆ. ನಾನು ಮಾಡಿದ್ದನ್ನು ಬೇರೆಯವರ ಬಾಯಿಂದ ಕೇಳಿದರೆ ನಿನಗೆ ಇನ್ನೂ ಸಿಟ್ಟು ಬರುತ್ತದೆ, ನನ್ನಿಂದಲೇ ಕೇಳು.

ನಿನ್ನೆ ಹೋದೆ. ನಮ್ಮ ದ್ವೀಪಗಳಿಂದ ಬಂದು ಇಲ್ಲಿ ನೆಲೆಸಿದವರಿಗೆಂದು ಶಾಲೆಯಲ್ಲಿ ಮತಗಟ್ಟೆ ಇಟ್ಟಿದ್ದರು, ಹೋದ ಸಲ ಇಟ್ಟ ಜಾಗದಲ್ಲೇ. ಹೋದ ಸಲ ಅಲ್ಲಿ ಜಾತ್ರೆ. ಬೀದಿಯ ತುದಿಯವರೆಗೆ ಸಾಲು, ಬಣ್ಣಬಣ್ಣದ ಸಡಿಲ ಮಿಷನ್ ಗೌನು ತೊಟ್ಟ ಹೆಂಗಸರು, ಬಾವುಟ ಹೊದ್ದ ಹುಡುಗರು, ಹಾಡು. ನಿನ್ನೆ ಅಂಗಳದಲ್ಲಿ ಒಂದು ನಾಯಿ ಮಲಗಿತ್ತು. ಬಾಗಿಲಲ್ಲಿ ಇಬ್ಬರು ಪೊಲೀಸರು. ಒಳಗೆ ಮೇಜಿನ ಹಿಂದೆ ಅಧಿಕಾರಿಗಳು ಕೈ ಕಟ್ಟಿ ಕೂತಿದ್ದರು. ನಾನು ಕಾಲಿಟ್ಟೊಡನೆ ಎಲ್ಲರೂ ನೆಟ್ಟಗಾದರು. ಗಿರಾಕಿಯಿಲ್ಲದ ಅಂಗಡಿಗೆ ಹೋದ ಹಾಗಿತ್ತು.

ಪಟ್ಟಿ ನೋಡುವ ಹೆಂಗಸು ಹೋದ ಸಲದವಳೇ. "ಅಮ್ಮ ಬರಲಿಲ್ವಾ ಇವತ್ತು? ಕುರ್ಚಿ ಹಾಕಿಸಿದ್ದೆ ಅವ್ರಿಗೆ" ಎಂದಳು. ಪಾಪ, ಅವಳಿಗೇನು ಗೊತ್ತು. ಗಡ್ಡ ಮುಟ್ಟಿ ತೋರಿಸಿದೆ. ಅವಳಿಗೆ ಅದೂ ಅರ್ಥವಾಗಲಿಲ್ಲ.

ತಿರುಗಿ ಹೋಗೋಣ ಎನಿಸಿತು. ನಿನ್ನ ಮುಖ ಕಣ್ಣ ಮುಂದೆ ಬಂತು, ಎನೋಕ್ ಮಾವನ ಬೆನ್ನು ಬಂತು. ಆದರೆ ಹೋದರೆ ನಿನಗೆ ಹೆದರಿ ಹೋದ ಹಾಗೆ. ಅವ್ವನ ಹಾಗೆ ನಾನೂ ನಿನ್ನಿಂದ ಮುಚ್ಚಿಟ್ಟುಕೊಂಡು ಬದುಕಬೇಕಾಗುತ್ತಿತ್ತು. ಇಲ್ಲ ಎಂದು ಹಾಕಿದೆ. ನನಗಾಗಿ ಹಾಕಿದೆ. ಅವ್ವನ ಹೆಸರಿನಲ್ಲಿ ಹಾಕಲಿಲ್ಲ.

ಸಂಜೆ ಫಲಿತಾಂಶ ಬಂತು. ನೂರಕ್ಕೆ ತೊಂಬತ್ತಾರು ಮತ ಇಲ್ಲ ಎಂದು. ಬಂದವರು ನೂರಕ್ಕೆ ನಲವತ್ತನಾಲ್ಕು. ನಮ್ಮ ದ್ವೀಪಗಳಲ್ಲಿ ನೂರಕ್ಕೆ ಐದು ಜನವೂ ಬಂದಿಲ್ಲ. ಕಡಲ ದಂಡೆಯ ದೊಡ್ಡ ಬಂಗಲೆಗಳವರು ಕಾರಿನ ಹಾರನ್ ಒತ್ತುತ್ತಾ, ಫ್ರಾನ್ಸಿನ ಬಾವುಟ ಬೀಸುತ್ತಾ ನಮ್ಮ ಬೀದಿಯಲ್ಲೇ ಹೋದರು. ಅವ್ವನ ಶೋಕದಲ್ಲಿರುವ ಮನೆಯ ಮುಂದೆ ಹಾರನ್ ಒತ್ತಿದರು, ಅಕ್ಕಾ. ಆ ತೊಂಬತ್ತಾರರೊಳಗೆ ನಾನೂ ಒಬ್ಬ. ಇವತ್ತು ಮೇಸ್ತ್ರಿ ಭುಜ ತಟ್ಟಿ "ಗೆದ್ವಿ ಕಣಯ್ಯಾ!" ಎಂದ. ಅವನ ಕೈ ತೆಗೆದು ಬಿಸಾಕಿದೆ. ನಾನು ಅಪಾಯ ಬೇಡ ಎಂದದ್ದು, ನಿಮ್ಮ ಜೊತೆ ಕುಣಿಯುತ್ತೇನೆ ಎನ್ನಲಿಲ್ಲ ಎಂದು ಕಿರುಚಿದೆ. ಒಂದು ವಾರ ಕೆಲಸಕ್ಕೆ ಬರಬೇಡ ಎಂದಿದ್ದಾರೆ.

ಎನೋಕ್ ಮಾವ ಕೇಳಿದರೆ ನಿಜವನ್ನೇ ಹೇಳು. ನನ್ನ ಪರವಾಗಿ ಏನೂ ಮುಚ್ಚಬೇಡ.

ಸೆಲೆಫೆನ್


ಲೊಸಿ
೧೬ ಜನವರಿ ೨೦೨೨

ಸ್ಲೆಫ್,

ಚಿಕ್ಕವನಿದ್ದಾಗ ಹೀಗೆ ಕರೆಯುತ್ತಿದ್ದೆ. ಪ್ರೀತಿ ಉಕ್ಕಿತೆಂದು ತಿಳಿಯಬೇಡ. ಪೂರ್ತಿ ಹೆಸರು ಬರೆಯುವಷ್ಟು ತಾಳ್ಮೆ ಇಲ್ಲ.

ನಿನ್ನ ಕೊನೆಯ ಎರಡೂ ಕಾಗದಗಳನ್ನು ಸುಡಬೇಕೆಂದು ಒಲೆಯ ಹತ್ತಿರ ಒಯ್ದೆ. ಸುಡಲಿಲ್ಲ. ಸುಳ್ಳು ಎಂದು ನಿನಗೆ ಬರೆದದ್ದೇನೋ ಬರೆದೆ, ಆ ವಾರವೆಲ್ಲ ವೆನಿಲ್ಲಾ ಹೂವುಗಳನ್ನು ಕೈಯಲ್ಲಿ ಹರಿದು ಹಾಕುತ್ತಿದ್ದೆ. ಎರಡನೆಯ ಸಲದ ಮತದಾನದ ಸಂಜೆ ಅವ್ವನಿಗೆ ಫೋನು ಮಾಡಿದ್ದೆ. ನಮ್ಮ ಊರಿನಲ್ಲಿ ಎಲ್ಲರೂ ಹೌದು ಹಾಕಿದ್ದಾರೆ, ನೀನೂ ಹಾಕಿದೆಯಲ್ಲ ಎಂದು ಅರ್ಧ ಗಂಟೆ ಒದರಿದೆ. ಅವಳು "ಹೂಂ" ಎಂದಳು. ಮತ್ತೆ ಮತ್ತೆ ಕೇಳಿದೆ. "ಹೂಂ ಮಗ್ಳೇ, ಊಟ ಮಾಡಿದ್ಯಾ?" ಎಂದಳು. ನನಗೆ ನೆನಪಿರುವುದು ಅಷ್ಟೇ. ಅದರಲ್ಲಿ ಹೌದು ಎಲ್ಲೂ ಇಲ್ಲ.

ಹೆತ್ತ ಅವ್ವ ನನಗೆ ಹೆದರಿದ್ದಳು. ಊರಿಗೆಲ್ಲ ಬಿಡುಗಡೆ ಬೇಕೆಂದು ಕೂಗುವವಳ ಮುಂದೆ ಅವಳಿಗೆ ಬಾಯಿ ಬಿಡಲಾಗಲಿಲ್ಲ. ಇದನ್ನು ಹೇಳಿದ್ದಕ್ಕೆ ನಿನ್ನನ್ನು ಕೊಲ್ಲಬೇಕೆನಿಸಿತು. ಪ್ಯಾರಿಸಿನವರ ಮೇಲೂ ನನಗೆ ಇಷ್ಟು ಸಿಟ್ಟು ಬಂದಿರಲಿಲ್ಲ. ಅಂದಮಾತ್ರಕ್ಕೆ ಅವರನ್ನು ಬಿಟ್ಟೆ ಎಂದಲ್ಲ. ಅವ್ವ ಇಲ್ಲ ಎಂದಿರಲಿ, ಹೌದು ಎಂದಿರಲಿ, ಸತ್ತಿದ್ದಳು. ಸತ್ತವರಿಗಾಗಿ ಕೇಳಿದ ಒಂದು ವರ್ಷವನ್ನು ಅವರು ಕೊಡಲಿಲ್ಲ. ಆ ತೊಂಬತ್ತಾರನ್ನು ನಾನು ಸಾಯುವ ತನಕ ಒಪ್ಪುವುದಿಲ್ಲ. ಅದರಲ್ಲಿ ನಿನ್ನದು ಸೇರಿದೆ ಎನ್ನುವುದನ್ನೂ ಮರೆಯುವುದಿಲ್ಲ.

ಹೋದ ಗುರುವಾರ ಎನೋಕ್ ಮಾವ ಬಂದರು. ಹಡಗು ಬಿಟ್ಟ ಮೇಲೆ ಮೊದಲ ಸಲ. ಜೊತೆಗೆ ಅವರ ಮನೆಯ ಹಿರಿಯರು. ಅವ್ವನ ಮಣ್ಣಿನ ಹತ್ತಿರ ಬಹಳ ಹೊತ್ತು ಕೂತರು. ಆಮೇಲೆ ನಮ್ಮ ದೊಡ್ಡ ಗುಡಿಸಲಿನಲ್ಲಿ ಎಲ್ಲರೂ ಸೇರಿದಾಗ ನನ್ನ ಕಡೆ ತಿರುಗಿ ಕೇಳಿದರು: "ಏನಮ್ಮಾ, ನಿನ್ನ ತಮ್ಮ ಆವತ್ತು ಮನೇಲೇ ಇದ್ನಾ?"

ನಿಜ ಹೇಳು ಎಂದು ನೀನು ಬರೆದಿದ್ದೆ. ಇದ್ದ ಎಂದು ಸುಳ್ಳು ಹೇಳಲು ನನ್ನ ನಾಲಿಗೆ ಏಳಲಿಲ್ಲ. ಹೋದ ಎಂದರೆ ಅವರು ಅಲ್ಲಿಂದಲೇ ಎದ್ದು ಹಡಗಿಗೆ ಹೋಗುತ್ತಿದ್ದರು. ಅವ್ವ ಹೊರಗೆ ಕಾಯುತ್ತಾ ಇರುವ ಹಾಗೆ ನನಗನ್ನಿಸಿತು. ನಾನು ತಲೆ ತಗ್ಗಿಸಿ ಸುಮ್ಮನೆ ಕೂತೆ.

ನಾನು, ಲಿಯೊಂಟೀನ್, ಸುಮ್ಮನೆ ಕೂತೆ! ಎನೋಕ್ ಮಾವ ತೊಡೆ ತಟ್ಟಿ, "ನೋಡ್ರಪ್ಪಾ, ಹೀಗಿರ್ಬೇಕು ಹೆಣ್ಮಕ್ಳು. ತಮ್ಮನ ವಿಷ್ಯ ನಾಲ್ಕು ಜನದ ಮುಂದೆ ಎತ್ತಲ್ಲ. ನಾನು ಕೇಳಿದ್ದೇ ತಪ್ಪು ತಾಯಿ" ಎಂದರು. ಹಿರಿಯರೆಲ್ಲ ತಲೆಯಾಡಿಸಿದರು. ತಿಂಗಳ ಕೊನೆಯ ಶನಿವಾರ ಗೊತ್ತು ಮಾಡಿದರು. ನಿನ್ನ ಕೈಯಿಂದ ತೆಗೆದುಕೊಳ್ಳುತ್ತಾರೆ. ಇಡೀ ಊರು ಈಗ ನನ್ನ ಮರ್ಯಾದೆಯನ್ನು ಹೊಗಳುತ್ತಿದೆ. ಒಂದೊಂದು ಹೊಗಳಿಕೆಯೂ ಮೈಗೆ ಬಿಸಿ ಎಣ್ಣೆ ಬಿದ್ದ ಹಾಗಾಗುತ್ತಿದೆ. ಎನೋಕ್ ಮಾವನಿಗೆ ಏನೂ ತಿಳಿಯಲಿಲ್ಲವೋ, ಎಲ್ಲ ತಿಳಿದೇ ಹಾಗೆಂದರೋ, ಅವರ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

ಬರುವಾಗ ಒಳ್ಳೆಯ ಬಟ್ಟೆ ತಾ. ಗೆಣಸು ಇಲ್ಲಿದೆ, ಆರಿಸಿ ಇಟ್ಟಿದ್ದೇನೆ. ನಿನ್ನ ಬಾಯಿಗೆ ಬೀಗ ಹಾಕಿಕೊಂಡು ಬಾ. ಯಾರಿಗೂ ನಿಜ ಹೇಳಿ ದೊಡ್ಡವನಾಗಲು ಹೋಗಬೇಡ. ಅವ್ವನ ಮತ, ನಿನ್ನ ಮತ, ಎರಡೂ ನನ್ನ ಹೊಟ್ಟೆಯಲ್ಲಿರಲಿ. ದಕ್ಕಿಸಿಕೊಳ್ಳುವುದು ಕಷ್ಟ, ಆದರೂ ಇರಲಿ.

ನಿನ್ನನ್ನು ನಾನು ಕ್ಷಮಿಸಿಲ್ಲ. ಆದರೆ ಅವ್ವ ನನಗೆ ಹೆದರಿ ಮುಚ್ಚಿಟ್ಟು ಸತ್ತಳು. ನೀನು ಹೆದರಲಿಲ್ಲ, ಮಾಡಿದ್ದನ್ನು ಮಾಡಿದೆ ಎಂದು ನನಗೇ ಬರೆದೆ. ನನ್ನ ಮುಂದೆ ನಿಜ ಹೇಳುವವರು ಈ ಮನೆಯಲ್ಲಿ ನೀನೊಬ್ಬನೇ ಉಳಿದಿದ್ದೀಯ.

ಲಿಯೊಂಟೀನ್